ಮೊದಲ ಅಂಕಿ ಮತ್ತು ಮಾತ್ರೆಯ ನಡುವೆ

ಹೃದಯವು ತಳ್ಳಿದ ರಕ್ತವು ರಕ್ತನಾಳಗಳ ಗೋಡೆಯ ಮೇಲೆ ಹಾಕುವ ಒತ್ತಡವೇ ರಕ್ತದೊತ್ತಡ; ಹೃದಯ ಕುಗ್ಗಿ ರಕ್ತವನ್ನು ಹೊರದೂಡುವಾಗಿನ ಸಂಕೋಚನ ಒತ್ತಡ ಮೇಲಿನ ಅಂಕಿಯಾಗಿಯೂ, ಎರಡು ಬಡಿತಗಳ ನಡುವೆ ಅದು ಸಡಿಲಗೊಂಡಾಗಿನ ವ್ಯಾಕೋಚನ ಒತ್ತಡ ಕೆಳಗಿನ ಅಂಕಿಯಾಗಿಯೂ ದಾಖಲಾಗುತ್ತವೆ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿ, ಬೇರೆ ದಿನ ಅಳೆದಾಗಲೂ ಹಾಗೆಯೇ ಉಳಿದರೆ ಅಧಿಕ ರಕ್ತದೊತ್ತಡವೆಂದು ವೈದ್ಯರು ಸಾಮಾನ್ಯವಾಗಿ ನಿರ್ಧರಿಸುತ್ತಾರೆ. ಮನೆಗಳಲ್ಲಾದರೋ ಮೊದಲ ದಿನವೇ ‘ಅಪ್ಪಂಗೆ ಬಿಪಿ ಬಂದೈತಂತೆ’ ಎಂಬ ಸುದ್ದಿ ಬೆಂಗಳೂರಿನಲ್ಲಿರುವ ಮಗನವರೆಗೂ ಹೋಗಿ, ಸಂಜೆಯೊಳಗೆ ಊಟಕ್ಕೆ ನಿರ್ಬಂಧವೂ ಬಿದ್ದಿರುತ್ತದೆ. ಮೊದಲ ಅಂಕಿಗೂ ವೈದ್ಯರ ನಿರ್ಧಾರಕ್ಕೂ ನಡುವಿನ ದಿನಗಳಲ್ಲಿ ಮಕ್ಕಳು ಮೊದಲು ಮಾಡಬೇಕಾದದ್ದು ನಂಬಬಹುದಾದ ಅಂಕಿಗಳನ್ನು ಒದಗಿಸುವ ಕೆಲಸ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆ ಕಡೆಯ ತೆಂಗಿನ ಬೆಳೆಗಾರರೊಬ್ಬರು ಬೆಳಗಿನಿಂದ ಕಾಯಿ ಸುಲಿದು, ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಂಡು, ಬಸ್ಸಿನಲ್ಲಿ ನಿಂತೇ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತ ಕೂಡಲೇ ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಸಿಕೊಂಡರೆ, ಬರುವ ಅಂಕಿಯಲ್ಲಿ ದಣಿವು, ಹೊಗೆಸೊಪ್ಪು, ಬಟ್ಟೆ, ಆತಂಕ ಎಲ್ಲವೂ ಸೇರಿರುತ್ತವೆ. ಆಸ್ಪತ್ರೆಯಲ್ಲಿ ಮಾತ್ರ ಏರಿ ಮನೆಯಲ್ಲಿ ಇಳಿಯುವ ಒತ್ತಡವನ್ನು ವೈದ್ಯರು ‘ಬಿಳಿ ಕೋಟಿನ ಒತ್ತಡ’ವೆಂದು ಕರೆಯುತ್ತಾರೆ. ಆದುದರಿಂದ ಅಳೆಯುವ ಮುನ್ನ ಅರ್ಧ ಗಂಟೆ ಕಾಫಿ, ಹೊಗೆಸೊಪ್ಪು ಬಿಟ್ಟು, ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ಐದು ನಿಮಿಷ ಮಾತಿಲ್ಲದೆ ಕುಳಿತು, ಬರಿದೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಇರಿಸಬೇಕು. ಮನೆಯ ಯಂತ್ರದಲ್ಲಿ 135/85 ಅನ್ನೇ ಎಲ್ಲೆಯಾಗಿ ಎಣಿಸುವುದು ರೂಢಿ.

‘ನಂಗೇನಾಗೈತೆ, ಗಟ್ಟಿಯಾಗಿದೀನಿ’ ಎಂದು ತಳ್ಳಿಹಾಕುವುದು ಮೊದಲ ಅಂಕಿಗೇ ಗಾಬರಿಯಾಗುವುದಕ್ಕೆ ಎದುರಾದ ತಪ್ಪು, ಮತ್ತು ಹೆಚ್ಚು ಅಪಾಯದ್ದು. ಅಧಿಕ ರಕ್ತದೊತ್ತಡ ಸಾಮಾನ್ಯವಾಗಿ ಯಾವ ಲಕ್ಷಣವನ್ನೂ ತೋರದೆ ಮೆದುಳು, ಹೃದಯ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಇದಿದ್ದ 128 ಕೋಟಿ ವಯಸ್ಕರಲ್ಲಿ ಶೇ. 46ರಷ್ಟು ಮಂದಿಗೆ ಅದರ ಅರಿವೇ ಇರಲಿಲ್ಲ. ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರುಗಟ್ಟುವಿಕೆ, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡರೆ ಮತ್ತೆ ಅಳೆಯುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಉಪ್ಪಿನ ವಿಷಯದಲ್ಲಿ ದಿನಕ್ಕೆ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಮೀರಬಾರದೆಂಬುದು ಅದೇ ಸಂಸ್ಥೆಯ ಸಲಹೆ. ಮುದ್ದೆಯನ್ನು ದೂರುವಂತಿಲ್ಲ, ಪಕ್ಕದಲ್ಲಿ ಬಂದು ಕೂರುವ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಗಳೇ ಲೆಕ್ಕ ತಪ್ಪಿಸುವುದು. ಅಪ್ಪನ ತಟ್ಟೆಗೆ ಮಾತ್ರ ಸಪ್ಪೆ ಸಾರು ಬಡಿಸಿ ಉಳಿದವರು ಹಪ್ಪಳ ಮುರಿಯುತ್ತಾ ಕುಳಿತರೆ ಆ ಪಥ್ಯ ವಾರ ನಿಲ್ಲುವುದಿಲ್ಲ, ಆದ್ದರಿಂದ ಇಡೀ ಮನೆಯ ಸಾರಿಗೇ ಉಪ್ಪು ಸ್ವಲ್ಪಸ್ವಲ್ಪವಾಗಿ ಇಳಿಯುವುದು ಲೇಸು. ತೆಂಗಿನ ಸೀಮೆಯಲ್ಲಿ ಎಲ್ಲಕ್ಕೂ ಮದ್ದೆನಿಸಿಕೊಂಡ ಎಳನೀರಿನ ಬಗ್ಗೆಯೂ ಒಂದು ಎಚ್ಚರ ಅಗತ್ಯ: ಅದರಲ್ಲಿ ಪೊಟ್ಯಾಸಿಯಂ ಎಂಬ ಖನಿಜ ಹೇರಳವಾಗಿರುವುದರಿಂದ ಮೂತ್ರಪಿಂಡದ ತೊಂದರೆ ಇರುವವರು ಮತ್ತು ಟೆಲ್ಮಿಸಾರ್ಟನ್‌ನಂತಹ ರಕ್ತದೊತ್ತಡದ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಮಂಡಿನೋವಿಗೆಂದು ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಗಳೂ ಒತ್ತಡವನ್ನು ಏರಿಸಬಲ್ಲವು. ಅವನ್ನು ನುಂಗುತ್ತಿರುವ ಸಂಗತಿಯನ್ನು ಹಿರಿಯರು ತಾವಾಗಿ ಹೇಳುವುದು ಅಪರೂಪ.

‘ಮಾತ್ರೆ ಶುರು ಮಾಡಿದ್ರೆ ಸಾಯೋಗಂಟ ಬಿಡಂಗಿಲ್ಲ’ ಎಂಬ ಅಂಜಿಕೆಗೆ ಉತ್ತರ ಕೊಡಬೇಕಾದವರು ವೈದ್ಯರು; ಮಕ್ಕಳು ಆ ಮಾತನ್ನು ಜಗಳವಾಗಿಸದೆ ವೈದ್ಯರ ಮುಂದೆಯೇ ಎತ್ತುವುದು ಒಳಿತು. ದೂರದಲ್ಲಿರುವ ಮಕ್ಕಳಿಗೆ ಆಶಾ ಕಾರ್ಯಕರ್ತೆಯರ ನೆರವಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆಯೂ 30 ದಾಟಿದವರ ರಕ್ತದೊತ್ತಡವನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡುವ ಉದ್ದೇಶದ್ದು. ಕೊಬ್ಬರಿ ತೂಕ ಬರೆದಿಡುವ ಪುಸ್ತಕದ ಕೊನೆಯ ಹಾಳೆಯಾದರೂ ಸರಿಯೇ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದ ಅಂಕಿಗಳನ್ನು ಒಂದು ವಾರ ತಾರೀಖು, ಹೊತ್ತು ಸಮೇತ ಬರೆದು, ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋದರೆ, ವೈದ್ಯರು ಒಂದು ದಿನದ ಅಂಕಿಗೆ ಬದಲಾಗಿ ಒಂದು ವಾರದ ಅಂಕಿಗಳನ್ನು ನೋಡಿ ಮಾತನಾಡುತ್ತಾರೆ.