ದಿನಕ್ಕೆ ನೂರು ಉದುರಿದರೂ ಲೆಕ್ಕ ಸರಿಯೇ!

ಕಳೆದ ಅಕ್ಟೋಬರ್‌ನಲ್ಲಿ ನನ್ನ ಲ್ಯಾಬ್ ರೆಕಾರ್ಡ್‌ನ ಕೊನೆಯ ಪುಟದಲ್ಲಿ ಒಂದು ಟೇಬಲ್ ಇತ್ತು. ಸೋಮವಾರ 212, ಮಂಗಳವಾರ 187, ಬುಧವಾರ 230. ವೋಲ್ಟೇಜ್ ರೀಡಿಂಗ್ ಅಂದುಕೊಂಡಿರಾ? ಅಲ್ಲ, ಉದುರಿದ ಕೂದಲಿನ ಲೆಕ್ಕ! ದಿಂಬಿನ ಮೇಲೆ ಬಿದ್ದಿದ್ದು, ಬಾಚಣಿಗೆಗೆ ಸಿಕ್ಕಿದ್ದು, ಹಾಸ್ಟೆಲ್ ಬಾತ್‌ರೂಮಿನ ಜಾಲರಿಗೆ ಸುತ್ತಿಕೊಂಡಿದ್ದು ಎಲ್ಲವನ್ನೂ ಹೆಕ್ಕಿ ಎಣಿಸುತ್ತಿದ್ದೆ.

ರೂಮ್‌ಮೇಟ್‌ಗಳು ತಲೆಗೊಂದು ಸಲಹೆ ಕೊಟ್ಟರು. ಬೋರ್‌ವೆಲ್ ನೀರೇ ಕಾರಣ ಅಂದಳು ಒಬ್ಬಳು. ಶಾಂಪೂ ಬದಲಿಸು ಅಂದಳು ಇನ್ನೊಬ್ಬಳು. ಯಾವುದೋ ರೀಲ್ಸ್ ನೋಡಿ ಈರುಳ್ಳಿ ರಸ ಹಚ್ಚಿಕೊಂಡು ಕ್ಲಾಸಿಗೆ ಹೋಗಿ, ನನ್ನ ಪಕ್ಕದ ಜಾಗ ಖಾಲಿಯಾಗಿದ್ದೂ ಆಯಿತು. ಪರೀಕ್ಷೆ ಶುಲ್ಕಕ್ಕೆಂದು ಅಪ್ಪ ಕಳಿಸಿದ್ದ ದುಡ್ಡಿನಲ್ಲಿ 900 ರೂಪಾಯಿ ಎಣ್ಣೆ ಬಾಟಲಿಗೆ ಹೋಯಿತು. ತೊಳೆದರೆ ತಾನೇ ಉದುರೋದು ಎಂದು ಹನ್ನೆರಡು ದಿನ ತಲೆಸ್ನಾನವನ್ನೇ ಬಿಟ್ಟೆ. ಹದಿಮೂರನೇ ದಿನ ನೀರು ಹಾಕಿಕೊಂಡಾಗ ಹಿಡಿಗೂದಲು ಕೈಗೆ ಬಂತು. ಅಷ್ಟೂ ದಿನದ ಬಾಕಿ ಒಂದೇ ದಿನ ವಸೂಲಾಗಿದ್ದು ಎಂದು ಆಗ ಹೊಳೆಯಲಿಲ್ಲ. ಬಾತ್‌ರೂಮಿನಲ್ಲೇ ಕೂತು ಅತ್ತೆ. ಮುಂದಿನ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಇಂಟರ್‌ವ್ಯೂ. ಓದಲು ಕೂತರೆ, ಬೋಳು ತಲೆಯಲ್ಲಿ ಇಂಟರ್‌ವ್ಯೂ ಕೊಡುತ್ತಿರುವ ನಾನೇ ಕಣ್ಣ ಮುಂದೆ!

ಕೊನೆಗೆ ಚರ್ಮರೋಗ ತಜ್ಞೆಯ ಬಳಿ ಹೋಗಿ ಟೇಬಲ್ ತೋರಿಸಿದೆ. ಯಾವ ಶಾಂಪೂ ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ. ‘ಎರಡು ಮೂರು ತಿಂಗಳ ಹಿಂದೆ ಜ್ವರ ಬಂದಿತ್ತಾ?’

ಬಂದಿತ್ತು. ಜುಲೈ ಕೊನೆಯಲ್ಲಿ ಡೆಂಗಿ. ಆದರೆ ಅದಕ್ಕೂ ಇದಕ್ಕೂ ಏನು ಸಂಬಂಧ?

ಅವರು ವಿವರಿಸಿದ್ದು ಇಷ್ಟು. ಕೂದಲಿಗೂ ಒಂದು ಕೋರ್ಸ್ ಅವಧಿ ಇದೆ. ಒಂದು ಕೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಬೆಳವಣಿಗೆ ನಿಲ್ಲಿಸುವ ಹಂತ. ನಂತರ ಸುಮಾರು ಮೂರು ತಿಂಗಳ ವಿಶ್ರಾಂತಿ. ಅದು ಮುಗಿದ ಮೇಲೆ ಹಳೆಯದು ಉದುರಿ, ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಕಾಲೇಜಿನಿಂದ ಪ್ರತಿವರ್ಷ ಒಂದು ಬ್ಯಾಚ್ ಹೊರಹೋಗುತ್ತದೆ, ಇನ್ನೊಂದು ಒಳಬರುತ್ತದೆ. ಹಾಗೆಂದು ಕಾಲೇಜು ಖಾಲಿಯಾಗುತ್ತದೆಯೇ?

ಹಾಸ್ಟೆಲ್‌ಗೆ ಬಂದು ನಾನೇ ಲೆಕ್ಕ ಹಾಕಿದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ಅದರಲ್ಲಿ ಶೇ 10ರಷ್ಟು ವಿಶ್ರಾಂತಿಯಲ್ಲಿ ಇವೆ ಎಂದರೆ 10,000. ಇಷ್ಟೂ ಸುಮಾರು 100 ದಿನಗಳಲ್ಲಿ ಉದುರಬೇಕು. ಭಾಗಿಸಿದರೆ ದಿನಕ್ಕೆ 100! ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಎಂದು ವೈದ್ಯರು ಹೇಳುವುದಕ್ಕೂ ಈ ಲೆಕ್ಕಕ್ಕೂ ತಾಳೆಯಾಯಿತು.

ಹಾಗಾದರೆ ನನ್ನ 200? ಅದು ಡೆಂಗಿ ಮಾಡಿಸಿದ ಮಾಸ್ ಬಂಕ್. ಜೋರು ಜ್ವರ, ಟೈಫಾಯ್ಡ್, ಆಪರೇಷನ್, ಹೆರಿಗೆ, ಊಟ ಬಿಟ್ಟು ಮಾಡುವ ಡಯಟ್ ಇವೆಲ್ಲ ಬೆಳೆಯುತ್ತಿರುವ ಕೂದಲನ್ನೂ ಒಟ್ಟಿಗೇ ವಿಶ್ರಾಂತಿಗೆ ತಳ್ಳುತ್ತವೆ. ವಿಶ್ರಾಂತಿ ಮುಗಿಯುವ ಹೊತ್ತಿಗೆ, ಅಂದರೆ ಎರಡು ಮೂರು ತಿಂಗಳ ನಂತರ, ಎಲ್ಲವೂ ಒಟ್ಟಿಗೇ ಉದುರುತ್ತವೆ. ನಾನು ಅಕ್ಟೋಬರ್‌ನ ತೊಂದರೆಗೆ ಅಕ್ಟೋಬರ್‌ನ ನೀರನ್ನೂ ಶಾಂಪೂವನ್ನೂ ಬೈಯುತ್ತಿದ್ದೆ. ತಪ್ಪು ಇದ್ದಿದ್ದು ಜುಲೈ ಎಂಬ ಸಾಲಿನಲ್ಲಿ!

ಉದುರಿದ ಕೂದಲಿನ ತುದಿಯ ಬಿಳಿ ಗಂಟು ನೋಡಿ ಬೇರೇ ಕಿತ್ತುಬಂತು ಎಂದು ಹೆದರಿದ್ದೆ. ಅದು ಬೇರಲ್ಲ, ಅವಧಿ ಮುಗಿಸಿದ ಕೂದಲಿನ ಗುರುತು. ಬೇರು ಚರ್ಮದೊಳಗೇ ಇರುತ್ತದೆ. ಜಾಲರಿಯಲ್ಲಿ ಸಿಕ್ಕ ಎರಡಡಿ ಕೂದಲಿಗೆ ಐದು ವರ್ಷ ವಯಸ್ಸು. ಅದು ಹುಟ್ಟಿದಾಗ ನಾನು ಎಸ್ಸೆಸ್ಸೆಲ್ಸಿ. ಪಾಪ, ಎಷ್ಟು ಪರೀಕ್ಷೆಗಳನ್ನು ನನ್ನ ಜೊತೆ ಬರೆದಿತ್ತೋ!

ನಮ್ಮ ಕೊಪ್ಪಳದ ಕಡೆ ಅಜ್ಜಿಯಂದಿರು ಬಾಚಿದಾಗ ಬಂದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುತ್ತಾರೆ. ಕೂದಲಿನವನು ಬಂದರೆ ಪಿನ್ನೋ ಪಾತ್ರೆಯೋ ಸಿಗುತ್ತದೆ. ಪಕ್ಕದ ಭಾಗ್ಯನಗರದಲ್ಲಿ ಕೂದಲು ಸಂಸ್ಕರಿಸುವ ಉದ್ಯಮವೇ ಇದೆ. ಮನೆಮನೆಯಲ್ಲಿ ದಿನವೂ ಉದುರುವುದು ಸಹಜವಲ್ಲದಿದ್ದರೆ ಈ ವ್ಯಾಪಾರ ನಡೆಯುತ್ತಿತ್ತೇ? ಫೋನಿನಲ್ಲಿ ಅತ್ತಾಗ ಅಜ್ಜಿ ಹೇಳಿದ್ದೂ ಅದನ್ನೇ. ‘ಹೋಗೂದು ಹೋಗ್ಲಿ ಬಿಡವ್ವ, ಬರೂದು ಬಂದ ಬರ್ತದ.’

ಹಾಗಂತ ಎಲ್ಲ ಉದುರುವಿಕೆಯನ್ನೂ ಕಡೆಗಣಿಸುವಂತಿಲ್ಲ. ನಾಣ್ಯದಂತೆ ದುಂಡಗೆ ಬೋಳಾಗಿದ್ದರೆ, ಬೈತಲೆ ಅಗಲವಾಗುತ್ತಿದ್ದರೆ, ಹುಡುಗರಿಗೆ ಹಣೆಯ ಎರಡೂ ಬದಿ ಹಿಂದೆ ಸರಿಯುತ್ತಿದ್ದರೆ, ತುರಿಕೆ ಅಥವಾ ಗಾಯವಿದ್ದರೆ, ಆರು ತಿಂಗಳಾದರೂ ಉದುರುವುದು ನಿಲ್ಲದಿದ್ದರೆ ವೈದ್ಯರನ್ನು ನೋಡಲೇಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆಯೂ ಕಾರಣವಿರಬಹುದು. ವಂಶಪಾರಂಪರ್ಯವಾಗಿ ತೆಳುವಾಗುವ ಕೂದಲಿಗೂ ಬೇಗ ಚಿಕಿತ್ಸೆ ಶುರುಮಾಡಿದಷ್ಟು ಒಳ್ಳೆಯದು. ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಅದನ್ನೂ ಹೇಳಿ, ಇಲ್ಲವಾದರೆ ಥೈರಾಯ್ಡ್ ರಿಪೋರ್ಟೇ ತಪ್ಪು ಬರಬಹುದು.

ನನಗೆ ಡಾಕ್ಟರ್ ಬರೆದುಕೊಟ್ಟಿದ್ದು ಒಂದು ರಕ್ತಪರೀಕ್ಷೆ, ಹೊತ್ತಿಗೆ ಸರಿಯಾಗಿ ಊಟ, ಮತ್ತು ತಾಳ್ಮೆ. ಜನವರಿಯಲ್ಲಿ ಎಣಿಸಿದಾಗ 81. ಅವತ್ತೇ ಟೇಬಲ್ ಮುಚ್ಚಿದೆ. ಎಣ್ಣೆಯ ವಿಷಯ ಅಪ್ಪನಿಗೂ ಹೇಳಿಬಿಟ್ಟೆ. ಬೈದರು, ಆಮೇಲೆ ನಕ್ಕರು.

ಈಗ ಹಣೆಯ ಅಂಚಿನಲ್ಲಿ ಪುಟ್ಟ ಪುಟ್ಟ ಕೂದಲು ನೆಟ್ಟಗೆ ನಿಂತಿವೆ. ಎಷ್ಟು ಬಾಚಿದರೂ ಕೂರುವುದಿಲ್ಲ. ಇಂಟರ್‌ವ್ಯೂಗೆ ಹಾಗೇ ಹೋಗುತ್ತೇನೆ. ಅವು ನನ್ನ ಹೊಸ ಬ್ಯಾಚ್!