ಆಕಾಶದಲ್ಲಿ ಉಗಿಬಂಡಿ

ಜಪಾನಿನ ಆಕಾಶಯಾನದ ಚಿತ್ರಗಳನ್ನು, ಅಂದರೆ ಮಕ್ಕಳು ಆನಿಮೆ ಎಂದು ಕರೆಯುವವನ್ನು, ಹಿರಿಯರು ನೋಡಿದರೆ ಮೊದಲು ನಗು ಬರುವುದು ಸಹಜ. ನಮಗೂ ಬಂದಿತು. 'ಗ್ಯಾಲಕ್ಸಿ ಎಕ್ಸ್‌ಪ್ರೆಸ್ 999' ಎಂಬ ಕಥೆಯಲ್ಲಿ ನಕ್ಷತ್ರಗಳ ನಡುವೆ ಓಡುವುದು ರಾಕೆಟ್ಟಲ್ಲ. ಹೊಗೆ ಕಾರುತ್ತ, ಶಿಳ್ಳೆ ಹಾಕುತ್ತ ಸಾಗುವ ರೈಲುಗಾಡಿ! ಗಾಳಿಯೇ ಇಲ್ಲದ ಕಡೆ ಶಿಳ್ಳೆ ಕೇಳಿಸುವುದೆಂತು? ಕಲ್ಲಿದ್ದಲ ಗಣಿಯ ಊರಾದ ಉಮರೇಡಿನಲ್ಲಿ ಕುಳಿತ ನಮಗಂತೂ, ಆಂಡ್ರೊಮೆಡದವರೆಗೆ ಎಷ್ಟು ಟನ್ ಕಲ್ಲಿದ್ದಲು ಬೇಕಾದೀತೆಂಬ ಯೋಚನೆಯೇ ಮೊದಲು ಹುಟ್ಟಿತು.

ಕಥೆ ಬರೆದು ಚಿತ್ರಿಸಿದವರು ಲೇಜಿ ಮಾತ್ಸುಮೊತೊ (1938–2023). 1977ರಲ್ಲಿ ಚಿತ್ರಕಥೆಯಾಗಿ ಮೊದಲಾಗಿ, 1978ರಿಂದ 1981ರವರೆಗೆ 113 ಕಂತುಗಳಲ್ಲಿ ದೂರದರ್ಶನದ ಪರದೆಗೂ ಬಂದಿತು. ತೆತ್ಸುರೊ ಎಂಬ ಬಡ ಹುಡುಗ. ಅವನ ತಾಯಿಯನ್ನು ಯಂತ್ರದೇಹದ ಸಿರಿವಂತರು ಬೇಟೆಯಾಡಿ ಕೊಂದಿದ್ದಾರೆ. ತಾನೂ ಸಾವಿಲ್ಲದ ಯಂತ್ರದೇಹ ಪಡೆಯಬೇಕೆಂದು ಅವನು ಮೇತೆಲ್ ಎಂಬ ಕಪ್ಪುಡುಗೆಯ ಹೆಂಗಸಿನೊಡನೆ ಗಾಡಿ ಹತ್ತುತ್ತಾನೆ. ಒಂದೊಂದು ಗ್ರಹವೂ ಒಂದೊಂದು ನಿಲ್ದಾಣ. ಆ ಗ್ರಹದ ಒಂದು ದಿನ ಎಷ್ಟು ದೀರ್ಘವೋ ಗಾಡಿ ಅಷ್ಟು ಹೊತ್ತು ನಿಲ್ಲುತ್ತದೆ. (ನಮ್ಮ ಕಡೆಯ ಸಣ್ಣ ಗಾಡಿಯಲ್ಲಿ ಪಯಣಿಸಿದವರಿಗೆ ಇದೇನೂ ವಿಚಿತ್ರವಲ್ಲ.) ನಿಲ್ದಾಣಕ್ಕೊಂದು ಕಣ್ಣೀರಿನ ಕಥೆ.

ಮಾತ್ಸುಮೊತೊ ಅವರ ಕೈವಾಡವಿದ್ದ ಇನ್ನೊಂದು ಚಿತ್ರಮಾಲೆ 'ಅಂತರಿಕ್ಷ ಯುದ್ಧನೌಕೆ ಯಾಮಾತೊ' 1974ರಲ್ಲಿ ಪ್ರಾರಂಭವಾಯಿತು. ಇದರ ನಗೆಪಾಟಲು ಇನ್ನೂ ದೊಡ್ಡದು. 1,48,000 ಜ್ಯೋತಿರ್ವರ್ಷ ದೂರ ಹೋಗಿ ಒಂದೇ ವರ್ಷದಲ್ಲಿ ಮರಳಬೇಕು! ಹಡಗಿನ ನಾಯಕ ಒಕಿತಾ ಭೂಮಿ ಕಣ್ಣಿಗೆ ಬಿದ್ದ ಗಳಿಗೆಯಲ್ಲಿ ಪ್ರಾಣ ಬಿಡುತ್ತಾನೆ, ನೋಡಿದವರು ಅತ್ತರು. 1983ರ ಚಲನಚಿತ್ರದಲ್ಲಿ ಆತ ಎದ್ದು ಬಂದ: ಅಂದು ಸತ್ತಿರಲೇ ಇಲ್ಲವಂತೆ! 1978ರ ಆಗಸ್ಟಿನ ಚಿತ್ರದಲ್ಲಿ ನಾಯಕರನೇಕರನ್ನು ಕೊಂದು, ಅಕ್ಟೋಬರಿನಲ್ಲಿ ಅದೇ ಕಥೆಯನ್ನು ಕಂತುಗಳಾಗಿ ತೋರಿಸುವಾಗ ಹಲವರನ್ನು ಉಳಿಸಿಕೊಂಡರು.

ನಗುವ ಮುನ್ನ ನಮ್ಮ ಕಂಪನಿ ನಾಟಕಗಳನ್ನು ಸ್ವಲ್ಪ ನೆನೆಯೋಣ. ಸತ್ತು ಬಿದ್ದ ಪಾತ್ರಧಾರಿ 'ವನ್ಸ್ ಮೋರ್' ಕೂಗಿಗೆ ಎದ್ದು ಕುಳಿತು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದನೆಂದು ಹಿರಿಯರು ಹೇಳುವುದುಂಟು. ಇಲ್ಲಿ ಪೂರ್ವ ವಿದರ್ಭದಲ್ಲಿ ಭತ್ತದ ಸುಗ್ಗಿಯ ತರುವಾಯ ರಾತ್ರಿಯಿಡೀ ನಡೆಯುವ ಝಾಡೀಪಟ್ಟಿ ನಾಟಕಗಳಲ್ಲಿಯೂ ಅಳು ಜೋರು, ಹಾಡು ಜೋರು. ಜನ ಮೋಸಹೋಗಿ ಅಳುವುದಿಲ್ಲ. ಅಳಬೇಕೆಂದೇ ಬಂದು ಅಳುತ್ತಾರೆ.

ಆ ಅಳುವಿನ ಅಡಿಯಲ್ಲಿ ನಿಜವಾದದ್ದು ಏನಾದರೂ ಇರಬೇಕಷ್ಟೆ. ಯಾಮಾತೊ ಎಂಬ ನಿಜವಾದ ನೌಕೆ 1945ರ ಏಪ್ರಿಲ್ 7ರಂದು ಸುಮಾರು 3,000 ಮಂದಿಯೊಡನೆ ಮುಳುಗಿತು. ಕಥೆಯಲ್ಲಿ ಆ ನೌಕೆ ಬತ್ತಿದ ಕಡಲ ತಳದಿಂದ ಮೇಲೆದ್ದು, ವಿಕಿರಣದಿಂದ ಸುಟ್ಟ ಭೂಮಿಯನ್ನು ಶುದ್ಧಗೊಳಿಸುವ ಯಂತ್ರವನ್ನು ತರಲು ಹೊರಡುತ್ತದೆ. ಹಿರೋಶಿಮಾ, ನಾಗಸಾಕಿಗಳನ್ನು ಕಂಡ ನಾಡಿನ ಕಥೆಯಿದು. ಯುದ್ಧನೌಕೆಯನ್ನು ಹೀಗೆ ಹೊಳಪಿಸುವುದು ಸರಿಯೇ ಎಂಬ ಆಕ್ಷೇಪವೂ ಉಂಟು. ಅದು ನಿರಾಧಾರವೆಂದು ನಾವು ಹೇಳಲಾರೆವು.

ರೈಲಿನ ಮಾತೂ ಹೀಗೆಯೇ. 999ರ ಹೊರರೂಪ ಜಪಾನಿನ ಸಿ-62 ಎಂಬ ಉಗಿ ಎಂಜಿನ್ನಿನದು. ಅಲ್ಲಿಯ ರಾಷ್ಟ್ರೀಯ ರೈಲ್ವೆಯಲ್ಲಿ ಪ್ರಯಾಣಿಕರ ಉಗಿಬಂಡಿಗಳ ನಿತ್ಯದ ಓಡಾಟ 1975ರ ಡಿಸೆಂಬರಿನಲ್ಲಿ ನಿಂತಿತು. ಎರಡೇ ವರ್ಷಕ್ಕೆ ಮಾತ್ಸುಮೊತೊ ಅದನ್ನು ಆಕಾಶಕ್ಕೆ ಹತ್ತಿಸಿದರು. ಉಮರೇಡಿನ ಮೂಲಕ ನಾಗಪುರದಿಂದ ನಾಗಭೀಡಿಗೆ ಹೋಗುತ್ತಿದ್ದ ಎರಡೂವರೆ ಅಡಿ ಹಳಿಯ ನಮ್ಮ ಸಣ್ಣ ಗಾಡಿ, ಹಳಿ ಅಗಲಿಸುವ ಸಲುವಾಗಿ 2019ರ ನವೆಂಬರಿನಲ್ಲಿ ನಿಂತಿತು. ಅದು ಕಡೆಗೆ ಡೀಸೆಲ್ಲಿನದೇ ಆಗಿತ್ತು, ನಿಧಾನವೂ ಹೌದು. ಆದರೂ ಅದನ್ನು ಯಾರಾದರೂ ನಕ್ಷತ್ರಗಳ ನಡುವೆ ಓಡಿಸಿದರೆ, ವಿಜ್ಞಾನದ ತಕರಾರು ತೆಗೆಯುವವರಲ್ಲಿ ನಾವು ಮೊದಲಿಗರಾಗಲಾರೆವು.

1979ರ ಚಲನಚಿತ್ರದ ಕೊನೆಯಲ್ಲಿ ತೆತ್ಸುರೊ ಯಂತ್ರದೇಹದ ಆಸೆ ಬಿಟ್ಟು, ಸಾಯುವ ದೇಹದಲ್ಲಿಯೇ ಭೂಮಿಗೆ ಮರಳಿರುತ್ತಾನೆ. ಮೇತೆಲ್ ಗಾಡಿ ಹತ್ತಿ ಹೊರಟುಹೋಗುತ್ತಾಳೆ. ಪ್ಲಾಟ್‌ಫಾರಂ ಮುಗಿಯುವವರೆಗೂ ಹುಡುಗ ಗಾಡಿಯ ಪಕ್ಕದಲ್ಲಿ ಓಡುತ್ತಾನೆ.