ಹಾರ್ಮೋನ್ ಮಾತ್ರೆ ತಗೊಂಡು ಸ್ಕೂಟರ್ ಓಡಿಸಬಹುದೇ?

ಪ್ರಶ್ನೆ: ನನಗೆ 48 ವರ್ಷ. ಮುಟ್ಟು ನಿಂತ ಮೇಲೆ ಮೈ ಬಿಸಿಯೇರಿ ಬೆವರುವುದು, ನಿದ್ದೆ ಬಾರದಿರುವುದು ಹೆಚ್ಚಾಗಿ ವೈದ್ಯರು ಹಾರ್ಮೋನ್ ಚಿಕಿತ್ಸೆ ಶುರುಮಾಡಿದ್ದಾರೆ. ಕೆಲಸಕ್ಕೆ ದಾವಣಗೆರೆಗೆ ಸ್ಕೂಟರಿನಲ್ಲಿ ಹೋಗಬಹುದೇ?
– ಓದುಗರು, ಬಿಳಿಚೋಡು

ಉತ್ತರ: ಸಾಮಾನ್ಯವಾಗಿ ಹೋಗಬಹುದು. ಈ ಚಿಕಿತ್ಸೆಯ ಈಸ್ಟ್ರೋಜನ್ ಮಂಪರು ತರುವ ಔಷಧವಲ್ಲ. ಗಮನಿಸಬೇಕಾದದ್ದು ಅದರ ಜೊತೆಗೆ ಕೊಡುವ ಪ್ರೊಜೆಸ್ಟರಾನ್. ಗರ್ಭಕೋಶದ ಒಳಪದರ ಅತಿಯಾಗಿ ಬೆಳೆಯದಂತೆ ಅದು ತಡೆಯುತ್ತದೆ. ಆದರೆ ನೈಸರ್ಗಿಕ ಪ್ರೊಜೆಸ್ಟರಾನನ್ನು ನುಂಗಿದಾಗ ಯಕೃತ್ತಿನಲ್ಲಿ ಅದರಿಂದ ಹುಟ್ಟುವ ವಸ್ತುಗಳು ಮಿದುಳಿನ ಚುರುಕು ತಗ್ಗಿಸಿ ನಿದ್ದೆ, ತಲೆಸುತ್ತು ತರಬಲ್ಲವು. ಅದಕ್ಕೇ ಅದನ್ನು ಮಲಗುವ ಹೊತ್ತಿಗೆ ತೆಗೆದುಕೊಳ್ಳಲು ಹೇಳುವುದು.

ಮಾತ್ರೆ ಶುರುವಾದಾಗ, ಪ್ರಮಾಣ ಬದಲಾದಾಗ ಕೆಲವು ದಿನ ಬಸ್ಸಿನಲ್ಲೇ ಹೋಗಿ. ಬೆಳಿಗ್ಗೆ ಮಂಪರು ಉಳಿಯುತ್ತದೆಯೇ ನೋಡಿಕೊಳ್ಳಿ. ನೆಗಡಿ, ಅಲರ್ಜಿ, ನಿದ್ದೆಯ ಮಾತ್ರೆಗಳು ಜೊತೆಗೂಡಿದರೆ ಮಂಪರು ಹೆಚ್ಚುತ್ತದೆ. ರಾತ್ರಿಯಿಡೀ ನಿದ್ದೆಗೆಟ್ಟಿದ್ದರೆ, ಮಾತ್ರೆ ತೆಗೆದುಕೊಳ್ಳದಿದ್ದರೂ ಅಂದು ಗಾಡಿ ಮುಟ್ಟಬೇಡಿ. ಅಪಾಯ ತರುವಂಥ ಅನಾರೋಗ್ಯವಿದೆ ಎಂದು ಗೊತ್ತಿದ್ದೂ ವಾಹನ ಓಡಿಸುವುದು 1988ರ ಮೋಟಾರು ವಾಹನ ಕಾಯ್ದೆಯ 186ನೇ ಕಲಮಿನಡಿ ಅಪರಾಧ.

ನುಂಗುವ ಈಸ್ಟ್ರೋಜನ್ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಚರ್ಮಕ್ಕೆ ಹಚ್ಚುವ ಜೆಲ್, ಪಟ್ಟಿಗಳಲ್ಲಿ ಆ ಭಯ ಕಡಿಮೆ. ದೂರದ ಪ್ರಯಾಣದಲ್ಲಿ ಆಗಾಗ ಇಳಿದು ನಡೆದಾಡಿ. ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರುಕಟ್ಟುವುದು, ಕಣ್ಣು ಮಂಜಾಗುವುದು, ಮಾತು ತೊದಲುವುದು ಕಂಡರೆ ತಕ್ಷಣ ಗಾಡಿ ನಿಲ್ಲಿಸಿ 108ಕ್ಕೆ ಕರೆಮಾಡಿ. ಹೆದರಿ ನೀವಾಗಿಯೇ ಮಾತ್ರೆ ಬಿಡಬೇಡಿ. ದಿನವೂ ಸ್ಕೂಟರ್ ಓಡಿಸುವ ವಿಷಯವನ್ನು ವೈದ್ಯರಿಗೆ ತಿಳಿಸಿ. ಔಷಧದ ರೂಪ, ಹೊತ್ತು ಬದಲಿಸಿಕೊಡುತ್ತಾರೆ.